ಫರ್ಡಿನೆಂಡ್ ಕಿಟ್ಟೆಲ್

ಫರ್ಡಿನೆಂಡ್ ಕಿಟ್ಟೆಲ್ (1832–1903) ಬಾಸೆಲ್ ಮಿಷನ್ನಿನ ಪಾದ್ರಿ, ನಿಘಂಟುಕಾರ, ವ್ಯಾಕರಣಕಾರ ಹಾಗೂ ಗ್ರಂಥಸಂಪಾದಕ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕನ್ನಡ–ಇಂಗ್ಲಿಷ್ ನಿಘಂಟು ಇವರ ಪ್ರಮುಖ ಕೃತಿ. ಕಾಲಕ್ರಮದಲ್ಲಿ ಒಂದೇ ಕಾಗುಣಿತಕ್ಕೆ ಇಳಿದು ಪರಸ್ಪರ ಬೆರೆತುಹೋದ ಕನ್ನಡ ಪದಗಳನ್ನು ಮೂಲರೂಪದ ಆಧಾರದಲ್ಲಿ ಬೇರ್ಪಡಿಸಿ ತೋರಿಸಿದ್ದು ಈ ನಿಘಂಟಿನ ಹೆಗ್ಗಳಿಕೆಗಳಲ್ಲೊಂದು.

ಜನನ ಮತ್ತು ಶಿಕ್ಷಣ

ಕಿಟ್ಟೆಲ್ 1832ರ ಏಪ್ರಿಲ್ 7ರಂದು ಜರ್ಮನಿಯ ಈಸ್ಟ್ ಫ್ರೀಸ್‌ಲ್ಯಾಂಡ್ ಪ್ರಾಂತ್ಯದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಪಾದ್ರಿಯಾಗಿದ್ದರು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಧಾರ್ಮಿಕ ಶಿಕ್ಷಣ ಮುಗಿಸಿ 1853ರಲ್ಲಿ ಭಾರತಕ್ಕೆ ಬಂದರು.

ಕರ್ನಾಟಕದಲ್ಲಿ

ಧಾರವಾಡ, ಮಂಗಳೂರು ಮತ್ತು ಮಡಿಕೇರಿಗಳಲ್ಲಿ ಸೇವೆ ಸಲ್ಲಿಸಿದ ಕಿಟ್ಟೆಲರು ಮತಪ್ರಚಾರಕ್ಕಿಂತ ಹೆಚ್ಚಾಗಿ ಭಾಷಾಧ್ಯಯನದಿಂದಲೇ ಹೆಸರಾದರು. ಕ್ರಿಸ್ತನ ಚರಿತ್ರೆಯನ್ನು ಕನ್ನಡ ಪದ್ಯದಲ್ಲಿ ನಿರೂಪಿಸುವ 'ಕಥಾಮಾಲೆ'ಯನ್ನು ರಚಿಸಿದರು. ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು 1872ರಲ್ಲಿ, ನಾಗವರ್ಮನ 'ಛಂದೋಂಬುಧಿ'ಯನ್ನು 1875ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಹಳಗನ್ನಡ ವ್ಯಾಕರಣದ ಈ ಪರಿಚಯವೇ ನಿಘಂಟಿಗೆ ತಳಹದಿಯಾಯಿತು.

ನಿಘಂಟು ಮತ್ತು ಕಾಗುಣಿತ

ಹಳಗನ್ನಡದಲ್ಲಿದ್ದ ಱ ಮತ್ತು ೞ ಅಕ್ಷರಗಳು ಬಳಕೆಯಿಂದ ಮರೆಯಾದಾಗ ಅವುಗಳ ಸ್ಥಾನಕ್ಕೆ ಕ್ರಮವಾಗಿ ರ ಮತ್ತು ಳ ಬಂದವು. ಇದರಿಂದ ಕತ್ತರಿಸು ಎಂಬ ಅರ್ಥದ 'ಅರಿ' ಹಾಗೂ ತಿಳಿ ಎಂಬ ಅರ್ಥದ 'ಅಱಿ' ಒಂದೇ ರೂಪ ತಾಳಿದವು. ಕತ್ತಿ ಎಂಬ ಅರ್ಥದ 'ಬಾಳ್', ಜೀವಿಸು ಎಂಬ ಅರ್ಥದ 'ಬಾೞ್' ಪದಗಳಿಗೂ ಇದೇ ಗತಿಯಾಯಿತು. ಈ ಭೇದ ತಿಳಿಯದವರು ಹಳೆಯ ಕಾವ್ಯವನ್ನು ತಪ್ಪಾಗಿ ಅರ್ಥೈಸುವ, ಪ್ರತಿ ಮಾಡುವಾಗ ಪಾಠವನ್ನೇ ಕೆಡಿಸುವ ಅಪಾಯವಿತ್ತು. ಹದಿಮೂರನೆಯ ಶತಮಾನದ ಕೇಶಿರಾಜನೇ ರಳ, ಕುಳ, ಕ್ಷಳಗಳ ವ್ಯತ್ಯಾಸವನ್ನು ವಿವರಿಸಬೇಕಾಗಿ ಬಂದಿತ್ತು.

ಕಿಟ್ಟೆಲರು ಇಂತಹ ಪದಗಳನ್ನು ಹಳೆಯ ಅಕ್ಷರಗಳಲ್ಲೇ ದಾಖಲಿಸಿ, ಪ್ರಚಲಿತ ರೂಪವನ್ನೂ ಸೂಚಿಸಿದರು. ತಮಿಳು, ಮಲಯಾಳ, ತೆಲುಗು, ತುಳು ಭಾಷೆಗಳ ಸಮಾನ ಪದಗಳನ್ನು ಹೋಲಿಕೆಗೆ ನೀಡಿದರು. ೞ ಧ್ವನಿ ತಮಿಳು ಮತ್ತು ಮಲಯಾಳಗಳಲ್ಲಿ ಉಳಿದುಬಂದಿರುವುದರಿಂದ ಈ ಹೋಲಿಕೆ ಮೂಲರೂಪದ ನಿರ್ಣಯಕ್ಕೆ ನೆರವಾಗುತ್ತದೆ. ಸಂಸ್ಕೃತದಿಂದ ಬಂದ ತದ್ಭವಗಳನ್ನೂ ಗುರುತಿಸಿದರು. ಕಾವ್ಯಪ್ರಯೋಗಗಳ ಜೊತೆಗೆ ಜನರ ಮಾತಿನ ನುಡಿಗಟ್ಟು ಹಾಗೂ ಗಾದೆಗಳನ್ನು ಉದಾಹರಣೆಯಾಗಿ ಸೇರಿಸಿದ್ದರಿಂದ, ಪದದ ಅರ್ಥವು ಅದರ ಬಳಕೆಯಿಂದಲೇ ಸ್ಪಷ್ಟವಾಗುತ್ತದೆ.

ಸುಮಾರು 70,000 ಪದಗಳನ್ನೂ 1,700ಕ್ಕೂ ಹೆಚ್ಚು ಪುಟಗಳನ್ನೂ ಒಳಗೊಂಡ ಈ ಕೃತಿ ಎರಡು ದಶಕಗಳಷ್ಟು ಕಾಲದ ಪರಿಶ್ರಮದ ಫಲ. 1877ರಲ್ಲಿ ಜರ್ಮನಿಗೆ ಮರಳಿದ್ದ ಕಿಟ್ಟೆಲರು ನಿಘಂಟಿನ ಕೆಲಸಕ್ಕಾಗಿ 1883ರಲ್ಲಿ ಪುನಃ ಭಾರತಕ್ಕೆ ಬಂದು, 1892ರಲ್ಲಿ ಹಿಂದಿರುಗಿದರು.

ಕೊನೆಯ ವರ್ಷಗಳು ಮತ್ತು ಸ್ಮರಣೆ

ಟ್ಯೂಬಿಂಗನ್ ವಿಶ್ವವಿದ್ಯಾಲಯವು 1896ರಲ್ಲಿ ಇವರಿಗೆ ಗೌರವ ಡಾಕ್ಟರೇಟ್ ನೀಡಿತು. ಇವರ ಕನ್ನಡ ವ್ಯಾಕರಣ ಗ್ರಂಥವು 1903ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕಿಟ್ಟೆಲರು ಟ್ಯೂಬಿಂಗನ್‌ನಲ್ಲಿ ನಿಧನ ಹೊಂದಿದರು.

ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಈ ನಿಘಂಟಿನ ಆವೃತ್ತಿಯನ್ನು ಮದ್ರಾಸ್ ವಿಶ್ವವಿದ್ಯಾಲಯವು ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಧಾರವಾಡದಲ್ಲಿ ಕಿಟ್ಟೆಲರ ಹೆಸರಿನ ಕಾಲೇಜು, ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆ ಇವೆ.