ಕೀರ್ತಿಶೇಷ ಕಿಟ್ಟೆಲ್ ಪಂಡಿತರು

ಹೊನ್ನೂರಿನ ನಮ್ಮ ಶಾಲೆಯಲ್ಲಿ ಓದಿ ಹೋದ ವಿದ್ಯಾರ್ಥಿನಿಯರಿಗೂ ಅವರ ತಾಯ್ತಂದೆಗಳಿಗೂ ಈ ಸಂಚಿಕೆಯ ಮೂಲಕ ಮಹನೀಯರೊಬ್ಬರ ಜೀವಿತವನ್ನು ಸಂಕ್ಷೇಪವಾಗಿ ನಿರೂಪಿಸಲು ಇಚ್ಛಿಸುತ್ತೇವೆ. ಪ್ರತಿ ವರ್ಷವೂ ಎರಡು ಬಗೆಯ ಮಕ್ಕಳನ್ನು ನಾವು ಕಾಣುತ್ತಿರುವೆವು. ಪ್ರಬಂಧದ ಪುಸ್ತಕದಲ್ಲಿ ಕೆಂಪು ಶಾಯಿಯ ಗುರುತುಗಳನ್ನು ಕಂಡೊಡನೆ ಕಣ್ಣೀರು ತಂದುಕೊಂಡು ಎದೆಗುಂದುವವರು ಕೆಲವರು. ಒಮ್ಮೆ ದೊರೆತ ಮೆಚ್ಚಿಕೆಯಲ್ಲಿಯೇ ತೃಪ್ತರಾಗಿ ಮುಂದೆ ತಿದ್ದಿಕೊಳ್ಳಲು ಒಪ್ಪದವರು ಕೆಲವರು. ಈ ಇಬ್ಬಗೆಯವರಿಗೂ ರೆವರೆಂಡ್ ಫರ್ಡಿನಂಡ್ ಕಿಟ್ಟೆಲರ ಜೀವಿತವು ದಾರಿ ತೋರಬಲ್ಲುದು.

ಕಿಟ್ಟೆಲರು 1832ರಲ್ಲಿ ಜರ್ಮನಿ ದೇಶದ ಉತ್ತರದಲ್ಲಿರುವ ಪೂರ್ವ ಫ್ರೀಸಿಯಾ ಪ್ರಾಂತದಲ್ಲಿ ಜನಿಸಿದರು. ಬಾಸೆಲ್ ಮಿಷನ್ನಿಗೆ ಸೇರಿ, 1853ರಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ, ನಮ್ಮ ದೇಶಕ್ಕೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿ ಮೊದಲಾದ ಸ್ಥಳಗಳಲ್ಲಿ ಸೇವೆ ಸಲ್ಲಿಸುತ್ತ ಕನ್ನಡವನ್ನು ಅಭ್ಯಾಸಮಾಡಿದರು. ಪರಭಾಷೆಯನ್ನು ಕಲಿಯುವವನು ದಿನದಿನವೂ ಪರರಿಂದ ತಿದ್ದಿಸಿಕೊಳ್ಳದೆ ಒಂದು ಹೆಜ್ಜೆಯನ್ನಾದರೂ ಮುಂದಿಡಲಾರನಷ್ಟೆ! 1862ರಲ್ಲಿ ಅವರು ಕ್ರಿಸ್ತಚರಿತ್ರೆಯನ್ನು ಕನ್ನಡ ಪದ್ಯಗಳಲ್ಲಿ ಹೇಳುವ ಕಥಾಮಾಲೆಯನ್ನು ಪ್ರಕಟಿಸಿದರು. ಅನಂತರ ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ಸಂಪಾದಿಸಿ ಅಚ್ಚುಹಾಕಿಸಿದರು.

ಅವರ ಮಹತ್ಕಾರ್ಯವು ಕನ್ನಡ-ಇಂಗ್ಲಿಷ್ ನಿಘಂಟು. ಅದಕ್ಕೆ ಮುಂಚೆ ರೀವ್ ಎಂಬ ಪಾದ್ರಿಗಳು ರಚಿಸಿದ ನಿಘಂಟು 1832ರಲ್ಲಿ ಮುದ್ರಿತವಾಗಿ, 1858ರಲ್ಲಿ ಸ್ಯಾಂಡರ್ಸನ್ ಎಂಬವರಿಂದ ಪರಿಷ್ಕೃತವಾಗಿತ್ತು. ಹಿಂದಿನವರ ಶ್ರಮವನ್ನು ಕಿಟ್ಟೆಲರು ಹಗುರವಾಗಿ ಕಾಣಲಿಲ್ಲ. ಅದೇ ಸಾಕೆಂದು ಸುಮ್ಮನೆ ಕೂರಲೂ ಇಲ್ಲ. ಹಳಗನ್ನಡ ಕಾವ್ಯಗಳನ್ನು ಶೋಧಿಸಿ, ದಾಸರ ಪದಗಳನ್ನೂ ಜನರ ಗಾದೆಗಳನ್ನೂ ಕೂಡಿಸಿ, ಕನ್ನಡ ಪಂಡಿತರ ನೆರವನ್ನು ಪಡೆದು, ಹಲವು ವರ್ಷಗಳ ದುಡಿಮೆಯಿಂದ ಸುಮಾರು 70,000 ಶಬ್ದಗಳನ್ನು 1,752 ಪುಟಗಳಲ್ಲಿ ತುಂಬಿ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚುಮಾಡಿಸಿದರು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ಆ ಮನ್ನಣೆಯಿಂದ ಅವರ ಲೇಖನಿಯು ವಿಶ್ರಮಿಸಲಿಲ್ಲ. ಕನ್ನಡ ವ್ಯಾಕರಣವೊಂದನ್ನು ಬರೆದು 1903ರಲ್ಲಿ ಪ್ರಕಟಿಸಿ, ಅದೇ ವರ್ಷ ಟ್ಯೂಬಿಂಗನ್ನಿನಲ್ಲಿ ಕಾಲಾಧೀನರಾದರು.

ಈ ನಿಘಂಟಿನಲ್ಲಿ ನಾವು ವಿಶೇಷವಾಗಿ ಗಮನಿಸತಕ್ಕ ಅಂಶವೊಂದುಂಟು. ಶಬ್ದವು ಯಾವ ಗ್ರಂಥದಲ್ಲಿದೆ, ಯಾವ ಸೀಮೆಯಲ್ಲಿ ಬಳಕೆಯಲ್ಲಿದೆ ಎಂಬುದನ್ನು ಕಿಟ್ಟೆಲರು ಸಂಕೇತಾಕ್ಷರಗಳಿಂದ ಸೂಚಿಸಿದ್ದಾರೆ. ಹೀಗೆ ಆಧಾರವನ್ನು ತೋರಿಸುವುದೆಂದರೆ, ಬೇಕಾದವರು ಪರೀಕ್ಷಿಸಿ ತಪ್ಪಿದ್ದರೆ ತಿದ್ದಬಹುದೆಂದು ಬಾಗಿಲನ್ನು ತೆರೆದಿಟ್ಟಂತೆಯೇ ಸರಿ. ತರುವಾಯದವರು ಆ ಬಾಗಿಲೊಳಗೆ ಪ್ರವೇಶಿಸಿದರು. ಸಂಸ್ಕೃತದ ಅನೇಕ ಶಬ್ದಗಳು ದ್ರಾವಿಡ ಮೂಲದವೆಂದು ಕಿಟ್ಟೆಲರು ಪ್ರತಿಪಾದಿಸಿದ್ದರು. ಮುಂದಿನ ವಿದ್ವಾಂಸರು ಅವುಗಳಲ್ಲಿ ಕೆಲವನ್ನು ಅಂಗೀಕರಿಸಿ, ಕೆಲವನ್ನು ನಿರಾಕರಿಸಿದರು. ಮರಿಯಪ್ಪ ಭಟ್ಟರು ಇಡೀ ನಿಘಂಟನ್ನು ಪರಿಷ್ಕರಿಸಿ ವಿಸ್ತರಿಸಲು, ಮದರಾಸು ವಿಶ್ವವಿದ್ಯಾನಿಲಯವು ಅದನ್ನು 1968ರಿಂದ 1971ರ ವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಇದರಿಂದ ಕಿಟ್ಟೆಲರ ಕೀರ್ತಿಗೆ ಕುಂದುಂಟಾಯಿತೆ? ಇಲ್ಲ, ಅವರ ಹೆಸರು ಆ ಸಂಪುಟಗಳ ಮೇಲೆಯೇ ಉಳಿಯಿತು. ನಿಷ್ಪ್ರಯೋಜಕವಾದುದನ್ನು ತಿದ್ದಲು ಯಾರೂ ವರ್ಷಗಟ್ಟಲೆ ದುಡಿಯುವುದಿಲ್ಲ.

ಈ ಪಾಠವನ್ನು ನಾವೂ ತಡವಾಗಿಯೇ ಕಲಿತೆವು. ಉಪಾಧ್ಯಾಯಿನಿಯಾದ ಮೊದಲ ವರ್ಷಗಳಲ್ಲಿ ತಪ್ಪುಗಳನ್ನು ಮಾತ್ರ ಎಣಿಸಿ ಪುಸ್ತಕಗಳನ್ನು ಹಿಂದಿರುಗಿಸುತ್ತಿದ್ದೆವು. ಅದರಿಂದ ಮನನೊಂದು ಬರೆಯುವುದನ್ನೇ ತೊರೆದ ಮಗುವೊಂದು ಇಂದಿಗೂ ನಮ್ಮ ನೆನಪಿನಿಂದ ಮರೆಯಾಗಿಲ್ಲ. ಆದುದರಿಂದ ಈಗ ಮೊದಲು ಮಗುವಿನ ಪ್ರಯತ್ನದಲ್ಲಿ ಒಳ್ಳೆಯದನ್ನು ಕಂಡು ಹೇಳುತ್ತೇವೆ. ಬಳಿಕ ತಪ್ಪನ್ನು ಮರೆಮಾಚದೆ ತೋರಿಸುತ್ತೇವೆ. ತಾಯ್ತಂದೆಗಳೂ ಮನೆಯಲ್ಲಿ ಹೀಗೆಯೇ ನಡೆದುಕೊಳ್ಳಬೇಕೆಂದು ವಿನಂತಿಸುತ್ತೇವೆ. ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮ ಬರಹವನ್ನು ಒಬ್ಬರು ತಿದ್ದಿದರೆ, ಅದು ತಿದ್ದುವುದಕ್ಕೆ ಯೋಗ್ಯವಾಗಿತ್ತೆಂದು ತಿಳಿದು ಸಂತೋಷಪಡಿರಿ, ಮತ್ತೆ ಬರೆಯಿರಿ.