ಕೆ. ಕೆ. ಹೆಬ್ಬಾರರ ಜೀವನ: ಒಂದು ಅಭ್ಯಾಸ ಪಾಠದ ಅನುಭವ

ಬೋಧನಾಭ್ಯಾಸದ ಮೊದಲ ವಾರ ಎಂಟನೆಯ ತರಗತಿಗೆ ಚಿತ್ರಕಲೆಯ ಪಾಠ ತೆಗೆದುಕೊಂಡಿದ್ದೆ. ಶಾಲೆ ಇರುವುದು ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ನದಿ ಸಮುದ್ರ ಸೇರುವ ಕಡೆ. ಸುತ್ತ ಗಜನಿ ಗದ್ದೆ, ಕಾಂಡ್ಲಾ ಗಿಡ, ಆಚೆ ದಡದಲ್ಲಿ ತದಡಿಯ ದೋಣಿಗಳು. ಹಾಳೆ ಹಂಚಿ, ನಿಮ್ಮ ಊರಿನ ಚಿತ್ರ ಬಿಡಿಸಿ ಎಂದು ಹೇಳಿದೆ. ಬಂದ ಚಿತ್ರಗಳೆಲ್ಲ ಬಹುತೇಕ ಒಂದೇ: ಎರಡು ಗುಡ್ಡ, ನಡುವೆ ಹುಟ್ಟುವ ಸೂರ್ಯ, ಹಾವಿನಂತೆ ಇಳಿಯುವ ಹೊಳೆ, ಒಂದು ಗುಡಿಸಲು, ಒಂದು ತೆಂಗಿನಮರ. ಸೂರ್ಯ ಕಡಲಿನಲ್ಲಿ ಮುಳುಗುವುದನ್ನು ದಿನವೂ ನೋಡುವ ಮಕ್ಕಳ ಹಾಳೆಯಲ್ಲಿ ಕಡಲೇ ಇರಲಿಲ್ಲ. ಹಿಂದಿನ ಬೆಂಚಿನ ಒಬ್ಬ ಹುಡುಗ ಖಾಲಿ ಹಾಳೆ ಕೊಟ್ಟ. ಬಿಡಿಸುವಂಥದ್ದು ತನ್ನ ಊರಿನಲ್ಲಿ ಏನೂ ಇಲ್ಲ ಎಂದ.

ತಪ್ಪು ಮಕ್ಕಳದ್ದಲ್ಲ. ಚಿಕ್ಕಂದಿನಲ್ಲಿ ನಾನೂ ಅದೇ ಎರಡು ಗುಡ್ಡ ಬಿಡಿಸಿ ಬಹುಮಾನ ಪಡೆದವಳು. ನೋಡುವುದನ್ನು ಕಲಿಸದೆ ಬಿಡಿಸಲು ಹೇಳಿದ್ದೇ ನನ್ನ ಪಾಠಯೋಜನೆಯ ದೋಷವಾಗಿತ್ತು. ಆದ್ದರಿಂದ ಎರಡನೆಯ ಪಾಠದಲ್ಲಿ ಬಣ್ಣ, ಕುಂಚಗಳನ್ನು ಬದಿಗಿಟ್ಟು ನಮ್ಮದೇ ಕರಾವಳಿಯ ಒಬ್ಬ ಕಲಾವಿದರ ಜೀವನ ಹೇಳಲು ನಿಶ್ಚಯಿಸಿದೆ.

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಹುಟ್ಟಿದ್ದು 1911ರಲ್ಲಿ, ಉಡುಪಿಯ ಸಮೀಪದ ಕಟ್ಟಿಂಗೇರಿ ಎಂಬ ಹಳ್ಳಿಯಲ್ಲಿ. ಮನೆಯ ಮಾತು ತುಳು. ತಂದೆ ಚೌತಿಗೆ ಮಣ್ಣಿನ ಗಣಪತಿ ಮಾಡುತ್ತಿದ್ದರು. ಉಂಡೆ ಮಣ್ಣು ಕೈಯ ಒತ್ತಡಕ್ಕೆ ಹೊಟ್ಟೆಯಾಗಿ, ಸೊಂಡಿಲಾಗಿ ಮಾರ್ಪಡುವುದನ್ನು ಮನೆಯಲ್ಲೇ ನೋಡಿ ಬೆಳೆದ ಹುಡುಗ ಅವರು. ಇಲ್ಲಿಗೆ ಬಂದಾಗ ಪಾಠ ನಿಲ್ಲಿಸಿ, ಗಣಪತಿ ಮಾಡುವುದನ್ನು ಹತ್ತಿರದಿಂದ ಕಂಡವರು ಯಾರು ಎಂದು ಕೇಳಿದೆ. ಬಹಳ ಕೈಗಳು ಮೇಲೆದ್ದವು. ಅಲ್ಲಿಂದ ಮುಂದೆ ಹೆಬ್ಬಾರರು ಅವರಿಗೆ ಪರಕೀಯರಾಗಲಿಲ್ಲ.

ಕಲಿಯುವ ಆಸೆ ಅವರನ್ನು ಮುಂಬಯಿಗೆ ಒಯ್ದಿತು. ಸರ್ ಜೆ. ಜೆ. ಕಲಾಶಾಲೆಯಲ್ಲಿ ಕಲಿತರು, ಮುಂದೆ ಕೆಲವು ವರ್ಷ ಅಲ್ಲಿಯೇ ಕಲಿಸಿದರು. ಆದರೆ ಅಲ್ಲಿ ಸಿಕ್ಕ ಪಾಶ್ಚಾತ್ಯ ಪದ್ಧತಿಯ ಶಿಕ್ಷಣ ಅವರಿಗೆ ಸಾಲಲಿಲ್ಲ. ಅಜಂತಾದ ಭಿತ್ತಿಚಿತ್ರ, ಜೈನ ಹಸ್ತಪ್ರತಿಗಳ ಚಿತ್ರ, ರಾಜಪೂತ ಕಿರುಚಿತ್ರಗಳ ಕಡೆ ಅವರ ಗಮನ ಹರಿಯಿತು. ಪ್ಯಾರಿಸಿನಲ್ಲಿ ಕಲಿತು ಬಂದರೂ ಭಾರತದ ಹಳ್ಳಿಯ ಹೆಣ್ಣುಮಕ್ಕಳನ್ನೇ ಚಿತ್ರಿಸಿದ ಅಮೃತಾ ಶೇರ್‌ಗಿಲ್ ಅವರಿಗೆ ಮೆಚ್ಚಿನ ಕಲಾವಿದೆಯಾದರು. ಹೆಬ್ಬಾರರೂ ಕೇರಳದ ಕಡೆ ತಿರುಗಾಡಿ ಅಲ್ಲಿಯ ಜನಜೀವನವನ್ನು ಚಿತ್ರಗಳಲ್ಲಿ ತಂದರು.

1949ರ ಹೊತ್ತಿಗೆ ಅವರು ಪ್ಯಾರಿಸಿಗೆ ಹೋಗಿ ಅಕಾಡೆಮಿ ಜೂಲಿಯನ್‌ನಲ್ಲಿ ಅಭ್ಯಾಸ ಮಾಡಿದರು. ಹೊಸ ತಂತ್ರ ತಿಳಿಯಿತು, ಬಣ್ಣ ಹಚ್ಚುವ ರೀತಿ ಬದಲಾಯಿತು. ಆದರೆ ವಸ್ತುವಿಗಾಗಿ ಅವರು ಪ್ಯಾರಿಸಿನ ಮೇಲೆ ಅವಲಂಬಿಸಲಿಲ್ಲ. ದುಡಿಯುವ ಜನ, ಮೀನುಗಾರರು, ಹಬ್ಬ, ಕೋಳಿ ಅಂಕ, ನಾಗಮಂಡಲ ಇವೇ ಅವರ ಕ್ಯಾನ್‌ವಾಸಿನ ಮೇಲೆ ಮತ್ತೆ ಮತ್ತೆ ಬಂದವು. ದೂರ ಹೋಗಿ ಬಂದ ಮೇಲೆ ಹತ್ತಿರದ್ದು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ ಎಂಬುದಕ್ಕೆ ಅವರ ಬಾಳೇ ಉದಾಹರಣೆ.

ಮಕ್ಕಳಿಗೆ ಅಚ್ಚರಿ ತಂದ ಸಂಗತಿ ಇನ್ನೊಂದು. ಚಿತ್ರದಲ್ಲಿ ಲಯ ಎಂದರೇನೆಂದು ತಿಳಿಯಲು ಹೆಬ್ಬಾರರು ಕಥಕ್ ನೃತ್ಯವನ್ನೇ ಅಭ್ಯಾಸ ಮಾಡಿದರು. ನರ್ತಿಸುವ ಮೈಯ ಬಾಗು ಹೇಗಿರುತ್ತದೆಂದು ಸ್ವಂತ ಮೈಯಿಂದ ಅರಿತ ಮೇಲೆ ಅವರ ರೇಖಾಚಿತ್ರಗಳಲ್ಲಿ ಕೆಲವೇ ಗೆರೆಗಳು ಸಾಕಾದವು. ಮುಖದ ವಿವರ, ಬಟ್ಟೆಯ ನೆರಿಗೆ ಏನೂ ಇಲ್ಲದಿದ್ದರೂ ಕುಣಿಯುವವರು ಕುಣಿಯುತ್ತಲೇ ಇರುತ್ತಾರೆ. ನಾನು ಕಪ್ಪುಹಲಗೆಯ ಮೇಲೆ ಒಂದೇ ಬಾಗು ಗೆರೆ ಎಳೆದು, ಇದು ಯಾರ ಬೆನ್ನು ಎಂದು ಕೇಳಿದೆ. ಹುಟ್ಟು ಹಾಕುವವನದು, ನಟಿ ಮಾಡುವವಳದು, ಯಕ್ಷಗಾನದ ವೇಷದ್ದು ಎಂದು ಉತ್ತರಗಳು ಬಂದವು. ಎಲ್ಲವೂ ಸರಿಯೇ.

1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಅವರಿಗೆ ಸಂದವು. 1996ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಮಣಿಪಾಲದಲ್ಲಿ ಅವರ ಹೆಸರಿನ ಕಲಾ ಗ್ಯಾಲರಿ ಇದೆ. ಪ್ರಶಸ್ತಿಗಳ ಈ ಭಾಗವನ್ನು ನಾನು ಒಂದೇ ನಿಮಿಷದಲ್ಲಿ ಮುಗಿಸಿದೆ. ಅದನ್ನೇ ದೊಡ್ಡದು ಮಾಡಿದ್ದರೆ ಹೆಬ್ಬಾರರು ಮತ್ತೆ ಮಕ್ಕಳ ಕೈಗೆಟುಕದಷ್ಟು ಮೇಲೆ ಹೋಗಿಬಿಡುತ್ತಿದ್ದರು.

ಕೊನೆಯಲ್ಲಿ ಮನೆಗೆಲಸ ಕೊಟ್ಟೆ: ಮನೆಗೆ ಹೋಗುವ ದಾರಿಯಲ್ಲಿ ಕೆಲಸ ಮಾಡುತ್ತಿರುವ ಒಬ್ಬರನ್ನು ಐದು ನಿಮಿಷ ನಿಂತು ನೋಡಬೇಕು, ಮರುದಿನ ಹತ್ತು ಗೆರೆ ಮೀರದಂತೆ ಬಿಡಿಸಿ ತರಬೇಕು. ರಬ್ಬರ್ ಬಳಸುವಂತಿಲ್ಲ.

ಮರುದಿನವೂ ಐದಾರು ಹಾಳೆಗಳಲ್ಲಿ ಎರಡು ಗುಡ್ಡ ಇದ್ದೇ ಇದ್ದವು. ಆದರೆ ಉಳಿದವುಗಳಲ್ಲಿ ಬಲೆ ಹೆಣೆಯುವ ಕೈ, ಉಪ್ಪಿನ ಮೂಟೆ ಹೊತ್ತ ಹೆಗಲು, ದೋಣಿ ನೂಕುವ ಇಬ್ಬರು ಕಂಡರು. ಖಾಲಿ ಹಾಳೆ ಕೊಟ್ಟಿದ್ದ ಹುಡುಗ ಏಳು ಗೆರೆ ಎಳೆದಿದ್ದ. ಇಳಿತದ ಹೊತ್ತಿನಲ್ಲಿ ಸೊಂಟಮಟ್ಟ ನೀರಿನಲ್ಲಿ ಬಗ್ಗಿ ಬಳಚು ಹೆಕ್ಕುವ ಅವನ ಅಮ್ಮ, ಪಕ್ಕದಲ್ಲಿ ತೇಲುವ ಬುಟ್ಟಿ. ಮುಖ ಬಿಡಿಸಿರಲಿಲ್ಲ, ಬೆನ್ನು ಮಾತ್ರ ಇತ್ತು. ಆ ಬೆನ್ನಿನ ಆಯಾಸ ತರಗತಿಯಲ್ಲಿ ಎಲ್ಲರಿಗೂ ತಿಳಿಯಿತು.

ನನ್ನ ಪಾಠಯೋಜನೆಯ ಉದ್ದೇಶಗಳ ಪಟ್ಟಿಯಲ್ಲಿ ಮೊದಲು ಚಿತ್ರ ರಚಿಸುವ ಕೌಶಲ ಎಂದು ಬರೆದಿದ್ದೆ. ಈಗ ಅದನ್ನು ಎರಡನೆಯದಾಗಿ ಇಟ್ಟು, ಮೊದಲನೆಯದಾಗಿ ತನ್ನ ಸುತ್ತಲಿನದನ್ನು ನಿಂತು ನೋಡುವುದು ಎಂದು ತಿದ್ದಿದ್ದೇನೆ.