ಲಕ್ಷಣವೂ ಲಕ್ಷ್ಯವೂ

ಹಿಂದೊಮ್ಮೆ, ಷಟ್ಪದಿಯ ಮಾತ್ರೆಗಳು ತಪ್ಪಿದುವೆಂದು, ಜೀವ ತುಂಬಿದ್ದ ಪದ್ಯವೊಂದನ್ನು ನಾನು ವಿದ್ಯಾರ್ಥಿಗೆ ಹಿಂದಿರುಗಿಸಿದ್ದೆನು. ಆ ನೆನಪು ಚುಚ್ಚಿದಾಗಲೆಲ್ಲ ಇಂಗ್ಲೆಂಡಿನ ಪಾದ್ರಿ ಜಾನ್ ರಸೆಲನು ನನ್ನ ಕಣ್ಮುಂದೆ ನಿಲ್ಲುತ್ತಾನೆ. ಜ್ಯಾಕ್ ರಸೆಲ್ ಎಂಬ ನಾಯಿಯ ತಳಿಗೆ ಹೆಸರನ್ನಿತ್ತವನು ಆತನೇ.

1795ರಲ್ಲಿ ಡೆವನ್ ಪ್ರಾಂತದ ಡಾರ್ಟ್‌ಮತ್ತಿನಲ್ಲಿ ಹುಟ್ಟಿದ ರಸೆಲನು, ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ, 1819ರಲ್ಲಿ, ಹಾಲಿನವನೊಬ್ಬನಿಂದ ಟ್ರಂಪ್ ಎಂಬ ಬಿಳಿಯ ಹೆಣ್ಣುನಾಯಿಯನ್ನು ಕೊಂಡನು. ಮುಂದೆ ಸ್ವಿಂಬ್ರಿಜ್ ಗ್ರಾಮದ ಪಾದ್ರಿಯಾಗಿ ನೆಲಸಿ, ಬಿಡುವಿನಲ್ಲಿ ನರಿಬೇಟೆಯಾಡುತ್ತ, ಬೇಟೆಗೊದಗುವ ಟೆರಿಯರ್‌ಗಳನ್ನು ಬೆಳೆಸಿದನು. ಕುದುರೆಗಳೊಡನೆ ಓಡುವ ಕಾಲು, ಬಿಲದೊಳಗೆ ನುಸುಳುವ ಕಿರಿದಾದ ಎದೆ, ನರಿಯನ್ನು ಕೊಲ್ಲದೆ ಹೊರಗೆಬ್ಬಿಸುವ ಕೆಚ್ಚು: ಇವೇ ಆತನ ಒರೆಗಲ್ಲು.

1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ಬು ಸ್ಥಾಪಿತವಾಯಿತು. ಅದರ ಮೊದಲ ಸದಸ್ಯರಲ್ಲಿ ರಸೆಲನೂ ಒಬ್ಬ. ಶ್ವಾನಪ್ರದರ್ಶನದಲ್ಲಿ ಫಾಕ್ಸ್ ಟೆರಿಯರ್‌ಗಳಿಗೆ ತೀರ್ಪುಗಾರನಾಗಿಯೂ ಕುಳಿತನು. ಆದರೆ ತನ್ನ ನಾಯಿಗಳನ್ನು ಮಾತ್ರ ಸ್ಪರ್ಧೆಯ ಕಣಕ್ಕೆ ಇಳಿಸಲಿಲ್ಲ. ಕಣದಲ್ಲಿ ತಲೆಯ ಆಕಾರ, ಕಿವಿಯ ಮಡಿಕೆ, ಬೆನ್ನಿನ ನೇರವನ್ನು ಅಳೆಯಬಹುದು. ಬಿಲದ ಕತ್ತಲಲ್ಲಿ ತೋರುವ ಕೆಚ್ಚನ್ನು ಅಳೆಯುವುದೆಂತು?

ರಸೆಲನು 1883ರಲ್ಲಿ ತೀರಿಕೊಂಡನು. ಒಂದು ಶತಮಾನ ಕಳೆದ ಮೇಲೆ, 1990ರಲ್ಲಿ, ಅದೇ ಕ್ಲಬ್ಬು ಪಾದ್ರಿಯ ಹೆಸರಿನ ತಳಿಗೆ ಮನ್ನಣೆಯಿತ್ತು, ಅದಕ್ಕೂ ಲಕ್ಷಣ ಬರೆಯಿತು. ಕಣದಿಂದ ದೂರವಿದ್ದ ವಂಶದ ಹೆಸರೇ ಕಣವನ್ನೇರಿತು.

ಲಕ್ಷಣ ಬೇಡವೆಂದು ನಾನು ಹೇಳಲಾರೆ. ಅದನ್ನು ಕಲಿಸುವುದೇ ನನ್ನ ವೃತ್ತಿ. ರಸೆಲನೂ ಅದನ್ನು ತಳ್ಳಿಹಾಕಿದವನಲ್ಲ, ತೀರ್ಪುಗಾರನ ಪೀಠದಲ್ಲಿ ಕುಳಿತವನು. ಆದರೆ ಲಕ್ಷ್ಯ ಮೊದಲು, ಲಕ್ಷಣ ಆಮೇಲೆ ಎಂಬುದನ್ನು ಆತನು ಮರೆಯಲಿಲ್ಲ. ನಾನು ಮರೆತಿದ್ದೆನು.